ಡಾರ್ಕಸ್ ಬರೆದ ಒಂದು ವಾಕ್ಯ

ಫ್ಲೀಟ್ ಬೀದಿಯ ಹಿಂದಿನ ಓಣಿಯಲ್ಲಿ ಟಿಡ್‌ಮನ್ ಎಂಬುವನ ಅಚ್ಚುಕೂಟವಿತ್ತು. ಅಲ್ಲಿ ನಾನು ಅಚ್ಚಾದ ಹಾಳೆಗಳನ್ನು ಮಡಿಸಿ, ದಾರ ಹಾಕಿ ಕಿರುಹೊತ್ತಿಗೆ ಹೊಲಿಯುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಅಟ್ಟದಲ್ಲಿ ಡಾರ್ಕಸ್ ಪೆಲ್ಲಿಂಗ್ ಇದ್ದಳು. ಅವಳಪ್ಪ ಇಗರ್ಜಿಯ ಗುಮಾಸ್ತ. ಗಂಡುಮಗು ಹುಟ್ಟದ್ದಕ್ಕೆ ಮಗಳ ಕೈಗೇ ಗರಿಯ ಲೇಖನಿ ಕೊಟ್ಟು ಕಲಿಸಿದ್ದ. ಅವನು ಸತ್ತ ಮೇಲೆ ಅದೇ ಅವಳ ಅನ್ನ. ಮದುವೆಯ ಗೋಜಿಗೆ ಹೋಗದೆ, ವಕೀಲರ ಕಾಗದ, ವಿಧವೆಯರ ಅರ್ಜಿ, ಪಾದ್ರಿಗಳ ಪ್ರವಚನ ಎಲ್ಲವನ್ನೂ ಪ್ರತಿ ಮಾಡಿಕೊಟ್ಟು ಬದುಕುತ್ತಿದ್ದಳು.

ಅವಳಲ್ಲಿ ಒಂದೇ ದುರಭ್ಯಾಸ. ಪ್ರತಿ ಮಾಡುವಾಗ ಬೇರೆಯವರ ವಾಕ್ಯ ತಿದ್ದಿಬಿಡುತ್ತಿದ್ದಳು.

"ನಿಂಗ್ಯಾಕೆ ಬೇಕೇ ಊರ ಉಸಾಬರಿ? ಇದ್ದ ಹಾಗೆ ಬರ್ಕೊಟ್ರೆ ಆಗಲ್ವಾ?" ಎಂದು ನಾನಂದರೆ,

"ಕುಂಟೋ ನಾಯಿಗಾದ್ರೆ ಕಲ್ಲು ಹೊಡೆದು ಅಟ್ಟಬಹುದು ಜುಡಿತ್, ಕುಂಟೋ ವಾಕ್ಯನ ಏನು ಮಾಡ್ಲೇ?" ಎನ್ನುತ್ತಿದ್ದಳು.

ಆಗೆಲ್ಲ ಪಾರ್ಲಿಮೆಂಟಿನ ದೊಡ್ಡವರು ಮಂತ್ರಿಯ ಪಂಕ್ತಿಯಲ್ಲಿ ಕೂತು ಉಂಡು, ಮನೆಗೆ ಬಂದು ಅವನ ಮೇಲೆಯೇ ಹೆಸರಿಲ್ಲದ ಹೊತ್ತಿಗೆ ಬರೆಯುತ್ತಿದ್ದರು. ಸಿಕ್ಕಿಬಿದ್ದರೆ ಸದಸ್ಯತ್ವವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಅಚ್ಚುಕೂಟಗಳಲ್ಲಿ ಅಚ್ಚುಮೊಳೆ ಜೋಡಿಸುವವರಲ್ಲೇ ಸರ್ಕಾರದ ಕಿವಿಗಳಿದ್ದವು. ಹಾಗಾಗಿ ತಮ್ಮ ಕೈಬರಹ ಅಲ್ಲಿಗೆ ಹೋಗದಂತೆ ನೋಡಿಕೊಳ್ಳಲು ಅವರಿಗೆ ಡಾರ್ಕಸ್‌ಳಂಥವರು ಬೇಕಾಗಿದ್ದರು.

ಒಂದು ಮಾರ್ಚ್ ತಿಂಗಳಲ್ಲಿ ಕಂದು ಕೋಟಿನ ಒಬ್ಬ ಮನುಷ್ಯ ಅವಳ ಅಟ್ಟ ಹತ್ತಿದ. ಹೆಸರು ಗ್ರೀನ್ ಎಂದ. ಮನೆಯಲ್ಲಿ ಉರಿಸುವ ಮೇಣದ ಬತ್ತಿಗೆ ತೆರಿಗೆ ಹಾಕಿದ ಮಂತ್ರಿಯ ಮೇಲೆ ಬರೆದ ಹೊತ್ತಿಗೆ ತಂದಿದ್ದ. ಅವಳು ಒಂದೊಂದು ಹಾಳೆ ಪ್ರತಿ ಮಾಡಿ ಮುಗಿಸಿದಂತೆ ಅವನು ತನ್ನ ಹಾಳೆಯನ್ನು ಒಲೆಗೆ ಹಾಕಿ, ಬೂದಿಯನ್ನೂ ಕಡ್ಡಿಯಿಂದ ಪುಡಿ ಮಾಡುತ್ತಿದ್ದ. ಕೊನೆಯ ಪುಟ ಅವಳಿಗೆ ಸಪ್ಪೆ ಎನಿಸಿತು. ತಾನೇ ಒಂದು ಮಾತು ಸೇರಿಸಿದಳು: "ಬಡವರ ಮನೆಯ ದೀಪ ಆರಿಸಿದ ಅರಸನು ಕತ್ತಲಲ್ಲಿ ಎಡವಿದರೆ, ಬೆಳಕು ಹಿಡಿದು ಓಡಿಬರುವವರು ಯಾರು?"

ಅವನು ಓದುತ್ತ ಓದುತ್ತ ಅಲ್ಲಿಗೆ ಬಂದು ನಿಂತ. ಅವಳ ಮುಖ ನೋಡಿದ.

"ಇದು ನಂದಲ್ಲ."

"ಬೇಡ ಅಂದ್ರೆ ಹೊಡೆದು ಹಾಕ್ತೀನಿ ಸ್ವಾಮಿ."

"ಇರಲಿ ಬಿಡಮ್ಮ. ಚೆನ್ನಾಗಿದೆ."

ಆ ಹಾಳೆಗಳನ್ನು ಮೇಲಂಗಿಯೊಳಗೆ ಬಚ್ಚಿಟ್ಟುಕೊಂಡು ಟಿಡ್‌ಮನ್‌ನಿಗೆ ಕೊಟ್ಟವಳು ನಾನು. ಹೊತ್ತಿಗೆ ಮೂರು ಸಲ ಅಚ್ಚಾಯಿತು. ಜನರ ಬಾಯಲ್ಲಿ ಉಳಿದದ್ದು ಆ ಒಂದೇ ಮಾತು. ಕಾಫಿ ಅಂಗಡಿಗಳಲ್ಲಿ, ಮೀನಿನ ಸಂತೆಯಲ್ಲಿ ಅದನ್ನೇ ಹೇಳಿ ನಗುತ್ತಿದ್ದರು. ಅರಮನೆಯವರು ಮಾತ್ರ ನಗಲಿಲ್ಲ. ಅರಸ ಎಡವಿ ಬೀಳಲಿ ಎಂದು ಹಾರೈಸಿದ್ದು ರಾಜದ್ರೋಹ ಎಂದಾಯಿತು. ಸರ್ಕಾರದ ಆಳುಗಳು ಅಚ್ಚುಕೂಟ ಜಾಲಾಡಿ ಹಸ್ತಪ್ರತಿ ಹಿಡಿದರು. ಯಾರ ಅಕ್ಷರವೆಂದು ಟಿಡ್‌ಮನ್‌ನಿಗೆ ನಿಜಕ್ಕೂ ಗೊತ್ತಿರಲಿಲ್ಲ; ತಂದುಕೊಟ್ಟವಳು ನಾನು ಎಂದಷ್ಟೇ ಹೇಳಿದ. ನನ್ನನ್ನು ಒಳಕೋಣೆಗೆ ಕರೆದರು.

"ಮಕ್ಕಳೆಷ್ಟು?"

"ಇಬ್ಬರು, ಸ್ವಾಮಿ."

"ನೀನು ಜೈಲಿಗೆ ಹೋದರೆ ಯಾರು ನೋಡ್ಕೋತಾರೆ?"

ನಾನು ಡಾರ್ಕಸ್‌ಳ ಅಕ್ಷರ ಅದು ಎಂದು ಹೇಳಿದೆ. ಎರಡನೆಯ ಸಲ ಕೇಳುವಷ್ಟು ಕಷ್ಟವನ್ನೂ ಅವರಿಗೆ ಕೊಡಲಿಲ್ಲ.

ಅವಳನ್ನು ಪಾರ್ಲಿಮೆಂಟಿನ ಸಭೆಯ ಮುಂದೆ, ಆರೋಪಿಗಳನ್ನು ತಡೆದು ನಿಲ್ಲಿಸುವ ಅಡ್ಡಗೋಲಿನ ಹತ್ತಿರ ಮಂಡಿಯೂರಿಸಿದರು. ಅಕ್ಷರ ಅವಳದೇ ಎಂದು ಸಾಕ್ಷಿ ಹೇಳಲು ನನ್ನನ್ನೂ ನಿಲ್ಲಿಸಿದ್ದರು. ಹೇಳಿದೆ. ಅವಳು ನನ್ನತ್ತ ತಿರುಗಲಿಲ್ಲ. ಆಮೇಲೆ ರೇಷ್ಮೆ ಕೋಟಿನ ಸದಸ್ಯರೊಬ್ಬರು ವಿಚಾರಣೆಗೆ ಎದ್ದರು. ಅವರ ಹೆಸರು ಸರ್ ಆಂಬ್ರೋಸ್ ಕೇವೆಲ್. ಅವರನ್ನು ಕಂಡದ್ದೇ ಡಾರ್ಕಸ್‌ಳ ಬಾಯಿ ಅರೆ ತೆರೆಯಿತು.

"ಬರೆಸಿದವನು ಯಾರು?"

"ಗ್ರೀನ್ ಅಂತ ಹೇಳಿದ್ರು, ಸ್ವಾಮಿ."

"ಲಂಡನ್ನಿನಲ್ಲಿ ಗ್ರೀನ್‌ಗಳಿಗೇನು ಬರವೇ? ಕಂಡರೆ ಗುರುತು ಹಿಡೀತೀಯಾ?"

"ಹಿಡೀತೀನಿ."

"ಹಿಡಿ ಮತ್ತೆ."

"ನೀವೇ, ಸ್ವಾಮಿ."

ಸಭೆಗೆ ಸಭೆಯೇ ಘೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್ ಆಂಬ್ರೋಸ್. "ಸದ್ಯ, ಸ್ಪೀಕರ್ ಸಾಹೇಬರನ್ನು ತೋರಿಸಲಿಲ್ಲವಲ್ಲ! ಎಲ್ಲಿ, ನನ್ನ ಕೈಬರಹದ ಒಂದು ಚೂರಿದ್ದರೆ ತೋರಿಸಮ್ಮ."

"ಒಲೇಲಿ ನೀವೇ ಸುಟ್ರಲ್ಲ."

ಮತ್ತೆ ನಗು. ಅವರು ಹೊತ್ತಿಗೆ ಬಿಡಿಸಿ ಆ ಕೊನೆಯ ಮಾತನ್ನು ಗಟ್ಟಿಯಾಗಿ ಓದಿದರು. "ಮಹನೀಯರೇ, ಮರ್ಯಾದಸ್ಥನೊಬ್ಬ ಇಂಥದ್ದನ್ನು ಬರೆದಾನೆಯೇ? ರಾಜದ್ರೋಹದ ಮಾತು ಹಾಗಿರಲಿ, ಇದು ಎಷ್ಟು ಒರಟು! ಎಷ್ಟು ಕೆಟ್ಟ ವಾಕ್ಯ!"

ಡಾರ್ಕಸ್ ಮಂಡಿಯಿಂದ ಎದ್ದು ನಿಂತುಬಿಟ್ಟಳು. ಅವರು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿದ್ದರು.

"ಏನು ಕೆಟ್ಟದ್ದಿದೆ ಅದರಲ್ಲಿ? ಇಡೀ ಹೊತ್ತಿಗೇಲಿ ನೆಟ್ಟಗೆ ನಿಂತಿರೋದು ಅದೊಂದೇ. ಅದನ್ನ ಬರೆದೋಳು ನಾನು!"

ಈಗ ಯಾರೂ ನಗಲಿಲ್ಲ. ಸರ್ ಆಂಬ್ರೋಸ್ ಕೋಟಿನ ಅಂಚು ಸರಿಮಾಡಿಕೊಂಡು ಮೆಲ್ಲಗೆ ಕೂತರು. ಮತ್ತೆ ಯಾವ ಪ್ರಶ್ನೆಯನ್ನೂ ಕೇಳಬೇಕಾಗಿರಲಿಲ್ಲ.

ಹೊತ್ತಿಗೆಯನ್ನು ಗಲ್ಲಿಗೇರಿಸುವವನ ಕೈಯಿಂದ ಸುಡಿಸಿದರು. ಬಳಿಕ ನ್ಯಾಯಾಲಯ ಡಾರ್ಕಸ್‌ಳಿಗೆ ಒಂದು ವರ್ಷ ಜೈಲು ವಿಧಿಸಿ, ಅದಕ್ಕೆ ಮೊದಲು ಚೇರಿಂಗ್ ಕ್ರಾಸ್ ಚೌಕದಲ್ಲಿ ಒಂದು ಗಂಟೆ ಹಲಗೆಗೆ ಸಿಕ್ಕಿಸಿ ನಿಲ್ಲಿಸಬೇಕೆಂದು ಹೇಳಿತು. ಕೊರಳಿಗೊಂದು, ಕೈಗಳಿಗೆರಡು ತೂತುಗಳಿರುವ ಹಲಗೆ ಅದು. ನಡುಮಧ್ಯಾಹ್ನ ನಿಲ್ಲಿಸಿದರು. ಅಂದಿನವರೆಗೂ ಬತ್ತಿ ತೆರಿಗೆಗೆ ಹಿಡಿಶಾಪ ಹಾಕುತ್ತಿದ್ದ ಹೆಂಗಸರೇ ಕೊಳೆತ ಎಲೆಕೋಸನ್ನು ಉಡಿತುಂಬ ಕಟ್ಟಿಕೊಂಡು ಬಂದಿದ್ದರು.

"ಏ ಪಂಡಿತಮ್ಮಾ, ಇದನ್ನೊಂಚೂರು ತಿದ್ದು!" ಎಂದು ಒಬ್ಬಳು ಎಸೆದಳು. ಜನಕ್ಕೆ ಆ ಮಾತು ಹಿಡಿಸಿತು. "ತಿದ್ದು! ತಿದ್ದು!" ಎಂದು ಎಲ್ಲರೂ ಎಸೆಯತೊಡಗಿದರು. ಮೊದಲು ಎಲೆಕೋಸು, ಆಮೇಲೆ ಸತ್ತ ಬೆಕ್ಕು, ಆಮೇಲೆ ಇಟ್ಟಿಗೆ ಚೂರು. ಒಂದು ಚೂರು ಅವಳ ಬಲಗೈ ಬೆರಳ ಗೆಣ್ಣುಗಳ ಮೇಲೆ ಬಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳಲು ಹಲಗೆ ಬಿಡಲಿಲ್ಲ. ಅಲ್ಲಿಗೇ ಗುರಿಯಿಟ್ಟು ಇನ್ನೂ ನಾಲ್ಕು ಹೊಡೆದರು. ನಾನು ಗುಂಪಿನ ಹಿಂದೆ ನಿಂತು ನೋಡಿದೆ.

ಜೈಲಿಗೆ ರೊಟ್ಟಿ ತೆಗೆದುಕೊಂಡು ಹೋದೆ. "ಡಾರ್ಕಸ್, ನನ್ನ ಮಕ್ಕಳು..." ಎಂದು ಶುರು ಮಾಡಿದೆ.

"ಗೊತ್ತು ಕಣೇ. ನಂಗೆ ಮಕ್ಕಳಿಲ್ಲ, ಅದಕ್ಕೇ ಒಳಗಿದೀನಿ. ರೊಟ್ಟಿ ಇಟ್ಟು ಹೋಗು."

ಮುರಿದ ಬೆರಳುಗಳನ್ನು ಕೂಡಿಸುವವರು ಅಲ್ಲಿ ಯಾರೂ ಇರಲಿಲ್ಲ. ಮೂರು ಬೆರಳು ಕೊಕ್ಕೆಯಂತೆ ಸೊಟ್ಟಗೆ ಕೂಡಿಕೊಂಡವು. ಹೊರಗೆ ಬಂದ ಮೇಲೆ ಕಾಗದ ಮಾಡುವವರಿಗೆ ಚಿಂದಿ ಬಟ್ಟೆ ಆರಿಸಿಕೊಟ್ಟು, ಎಡಗೈಯಲ್ಲೇ ಹೊಟ್ಟೆ ಹೊರೆದಳು.

ಆರು ವರ್ಷದ ಮೇಲೆ ಆ ಮಂತ್ರಿ ಬಿದ್ದ, ತೆರಿಗೆಯೂ ಹೋಯಿತು. ಆ ಹೊತ್ತಿಗೆಯನ್ನು ಬರೆದ ಧೀರ ತಾನೇ ಎಂದು ಸರ್ ಆಂಬ್ರೋಸ್ ಸಭೆಯಲ್ಲಿ ಎದ್ದು ಒಪ್ಪಿಕೊಂಡರು. ಈ ಸಲ ಯಾರೂ ನಗಲಿಲ್ಲ, ಮೇಜು ತಟ್ಟಿದರು. ಹೊತ್ತಿಗೆ ಅವರ ಹೆಸರಿನಲ್ಲಿ ಮತ್ತೆ ಅಚ್ಚಾಯಿತು. ಹೊಲಿದವಳು ನಾನೇ. ಮೊದಲ ಪುಟದಲ್ಲೇ, ಅವರ ಚಿತ್ರದ ಕೆಳಗೆ, ದೀಪದ ಆ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು.

ಡಾರ್ಕಸ್ ಒಂದು ಪ್ರತಿ ತರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದಳು. "ಅಲ್ಪವಿರಾಮ ತಪ್ಪು ಜಾಗದಲ್ಲಿ ಹಾಕಿದಾನೆ, ಮುಂಡೇದು," ಎಂದಳು. ಒಂದೇ ಒಂದು ಸಲ ಸರ್ ಆಂಬ್ರೋಸ್ ಅವರ ಮನೆ ಬಾಗಿಲಿಗೆ ಹೋಗಿ, ಗ್ರೀನ್ ಅವರಿಗೆ ಪ್ರತಿ ಮಾಡಿಕೊಟ್ಟವಳು ಬಂದಿದ್ದಾಳೆಂದು ಹೇಳಿ ಕಳಿಸಿದಳು. ಆಳು ಒಳಗೆ ಹೋಗಿ ಬಂದ. "ಗ್ರೀನ್ ಅನ್ನೋರು ಯಾರೂ ಸಾಹೇಬ್ರಿಗೆ ಗೊತ್ತಿಲ್ವಂತೆ. ಮೆಟ್ಲು ಕೊಳೆಯಾಗ್ತದೆ, ಇಳೀರಿ."

ಚಿಂದಿ ಆರಿಸುವ ಶಕ್ತಿಯೂ ಹೋದಾಗ ಅವಳನ್ನು ಬಡವರ ಛತ್ರಕ್ಕೆ ಸೇರಿಸಲು ನಾನೇ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತ ದಾಖಲೆ ಪುಸ್ತಕ ಮುಂದೆ ತಳ್ಳಿ, ಸಹಿ ಮಾಡು ಎಂದ. ಅವಳು ಲೇಖನಿಯನ್ನು ಬಲಗೈಗೆ ತೆಗೆದುಕೊಂಡಳು. ಅದು ಜಾರಿ ಬಿತ್ತು. ಮತ್ತೆ ಎತ್ತಿಕೊಂಡಳು, ಮತ್ತೆ ಬಿತ್ತು.

"ಆಗದಿದ್ರೆ ಕಾಟು ಗುರುತು ಹಾಕಮ್ಮ, ಹಿಂದೆ ಜನ ಕಾಯ್ತಿದಾರೆ."

ಎಡಗೈಯಲ್ಲಿ ಹಿಡಿದು ಎರಡು ಗೆರೆ ಅಡ್ಡಡ್ಡ ಎಳೆದಳು. ಗುಮಾಸ್ತ ಪುಸ್ತಕ ತಿರುಗಿಸಿಕೊಂಡು ಪಕ್ಕದಲ್ಲಿ ಬರೆದ: ಓದು ಬರಹ ಬಾರದವಳು. ಡಾರ್ಕಸ್ ಬಾಗಿ ಅದನ್ನು ಓದಿದಳು.

"ಜುಡಿತ್, ನೀನಿನ್ನು ಮನೆಗೆ ನಡಿಯೇ," ಎಂದಳು. ಆ ಚಳಿಗಾಲ ಮುಗಿಯುವ ಮೊದಲೇ ಛತ್ರದಲ್ಲಿ ಸತ್ತಳಂತೆ. ನನಗೆ ಯಾರೂ ಹೇಳಿ ಕಳಿಸಲಿಲ್ಲ. ನಾನೂ ಕೇಳಲು ಹೋಗಿರಲಿಲ್ಲ.