ಡಾಕ್ಟರಿಗೊಂದು ಹೆಸರು ಬೇಕಿತ್ತು

ಹೋದ ಶನಿವಾರ ನಲವತ್ತನಾಲ್ಕು ವರ್ಷದ ಡಾಕ್ಟರೊಬ್ಬರು ನಮ್ಮ ಅಡುಗೆಮನೆಯ ಟೇಬಲ್ ಮುಂದೆ ಕೂತು, “ಮೇಡಂ, ನನಗೊಂದು ಹೆಸರ ಇಡ್ರಿ” ಎಂದರು.

ನನ್ನ ಕೈಯಲ್ಲಿ ಒಗ್ಗರಣೆ ಸೌಟು. ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿತ್ತು. ಇದೆಂಥ ನಾಮಕರಣ?

ಅವರಿಗೆ ಹೆಸರಿಲ್ಲ ಎಂದೇನಲ್ಲ. ಯಲ್ಲಪ್ಪ ಸಮಗಾರ. ಗದಗದ ಕಡೆಯವರು. ಕೆಲಸ ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ, ಮನೆ ನಮ್ಮ ಕ್ಯಾರಿಯಲ್ಲೇ, ಎರಡು ಸಿಗ್ನಲ್ ಆಚೆ. ಈಗ ಅಮೆರಿಕದ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡುತ್ತಿದ್ದಾರೆ. ಬೇಕಿದ್ದರೆ ಹೆಸರು ಬದಲಿಸಿಕೊಳ್ಳಿ ಎಂದು ಆ ಫಾರ್ಮಿನಲ್ಲಿ ಒಂದು ಖಾಲಿ ಜಾಗವಿದೆ. ವಾರವಾರ ಅಂಕಣ ಬರೆಯುವ ಹೆಂಗಸಿಗೆ ಹೆಸರಿನ ಬರವೇ ಎಂದು ನನ್ನ ಬಳಿ ಬಂದಿದ್ದರು.

“ಎಂಥ ಹೆಸರು ಬೇಕು ಡಾಕ್ಟ್ರೇ?”

“ಕೇಳಿದವ್ರಿಗೆ ಏನೂ ಗೊತ್ತಾಗಬಾರದ್ರಿ. ಅಂಥಾದ್ದು.”

ಸಮಗಾರ ಎಂದರೆ ಚರ್ಮದ ಕೆಲಸದವರು, ಚಪ್ಪಲಿ ಹೊಲಿಯುವವರು. ನಿಮಗೆ ಗೊತ್ತಿರುವುದೇ. ಗೊತ್ತಿರುವುದೇ ತೊಂದರೆ. ಕಳೆದ ತಿಂಗಳು ಕನ್ನಡ ಸಂಘದವರು ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟದಲ್ಲಿ ಯಾರೋ ಆಂಟಿ, ಡಾಕ್ಟರ ಹತ್ತು ವರ್ಷದ ಮಗಳು ಸ್ನೇಹಾಳನ್ನು, “ನಿನ್ನ ಫುಲ್ ನೇಮ್ ಏನು ಪುಟ್ಟಾ?” ಎಂದು ಕೇಳಿದರಂತೆ. ಹುಡುಗಿ ಹೇಳಿದಳು. ಆಂಟಿ “ಓಹ್” ಎಂದರು. ಅಷ್ಟೇ. ಮನೆಗೆ ಹೋಗುವಾಗ ಕಾರಿನಲ್ಲಿ ಹುಡುಗಿಯ ಪ್ರಶ್ನೆ: “ವೈ ಡಿಡ್ ಆಂಟಿ ಸೇ ‘ಓಹ್’ ಲೈಕ್ ದಟ್, ಅಪ್ಪಾ?”

ಅದಕ್ಕೆ ಏನು ಹೇಳುತ್ತೀರಿ?

(ಆ ಆಂಟಿ ನಾನಲ್ಲ. ಆದರೆ ಆರು ವರ್ಷದ ಹಿಂದೆ ಇದೇ ಡಾಕ್ಟರನ್ನು ಮೊದಲ ಸಲ ಕಂಡಾಗ, “ಊರು ಯಾವುದು? ಸರ್ನೇಮು?” ಎಂದು ಕೇಳಿದ್ದವಳು ನಾನು. ಗದಗದ ಹವಾಮಾನ ತಿಳಿಯುವುದಕ್ಕೆ ಕೇಳಿರಲಿಲ್ಲ.)

ಅಷ್ಟರಲ್ಲಿ ಹಿಂಬಾಗಿಲು ತಟ್ಟಿ ಒಳಗೆ ಬಂದವರು ಪಕ್ಕದ ಮನೆಯ ಬರ್ನಾರ್ಡ್ ಶುಸ್ಟರ್. ನಮ್ಮ ಏಣಿ ವಾಪಸ್ ಕೊಡಲು ಬಂದಿದ್ದರು. ರಿಟೈರ್ ಆದ ಮೇಲೆ ಇವರಿಗೆ ಒಂದೇ ಹುಚ್ಚು, ಹೆಸರುಗಳ ಮೂಲ ಹುಡುಕುವುದು. ನಾವು ಕಾದಂಬರಿ ಓದುವ ಹಾಗೆ ಇವರು ಟೆಲಿಫೋನ್ ಡೈರೆಕ್ಟರಿ ಓದುತ್ತಾರೆ. ಅದರಲ್ಲೂ ಜರ್ಮನ್ ಹೆಸರು ಸಿಕ್ಕರೆ ಊಟ ಬೇಡ. ಇವರ ಮುತ್ತಜ್ಜನ ಮುತ್ತಜ್ಜ ಜರ್ಮನಿಯಿಂದ ಕ್ಯಾರೊಲೈನಾಗೆ ಬಂದವನು.

“ಹೆಸರಿನ ವಿಷಯವೇ ಮಾತಾಡ್ತಿದ್ವಿ” ಎಂದು ನಾನು ಬಾಯಿಬಿಟ್ಟೆ. ಮುಗಿಯಿತು. ಏಣಿ ಗೋಡೆಗೆ ಒರಗಿತು, ಬರ್ನಾರ್ಡ್ ಕುರ್ಚಿ ಎಳೆದುಕೊಂಡರು.

ಶ್ಮಿಟ್ ಅಂದರೆ ಕಮ್ಮಾರ. ತ್ಸಿಮ್ಮರ್‌ಮನ್ ಅಂದರೆ ಬಡಗಿ. ವೇಬರ್ ನೇಯುವವನು, ಟಾಪ್ಫರ್ ಮಡಕೆ ಮಾಡುವವನು. ನನಗೆ ನಗು ಬಂತು. ಕಮ್ಮಾರ, ಬಡಿಗೇರ, ನೇಕಾರ, ಕುಂಬಾರ. ಇದು ನಮ್ಮ ಹುಬ್ಬಳ್ಳಿಯ ಡೈರೆಕ್ಟರಿಯೇ ಅಲ್ಲವೇ! ನಾಯ್ಮನ್ ಎಂದರೆ ಊರಿಗೆ ಹೊಸದಾಗಿ ಬಂದವನಂತೆ. ಹಾಗಾದರೆ ಕ್ಯಾರಿಯ ಕನ್ನಡಿಗರೆಲ್ಲ ನಾಯ್ಮನ್‌ಗಳೇ.

“ನಿಮ್ಮದು?” ಎಂದೆ.

“ಬರ್ನಾರ್ಡ್ ಅಂದರೆ ಕರಡಿಯಂತೆ ಗಟ್ಟಿ. ಶುಸ್ಟರ್ ಅಂದರೆ ಚಮ್ಮಾರ” ಎಂದು ಎದೆ ತಟ್ಟಿಕೊಂಡರು. “ಕರಡಿಯಂಥ ಚಮ್ಮಾರ!” ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರೆಂದರೆ ಇಲ್ಲಿನ ಜನ ಅನುಮಾನ ಪಡುತ್ತಿದ್ದರಂತೆ. ಇವರ ಚಿಕ್ಕಜ್ಜ ಹೆದರಿ ಸ್ಟುವರ್ಟ್ ಆಗಿಬಿಟ್ಟನಂತೆ. “ಆ ಕಡೆಯ ನೆಂಟರನ್ನೆಲ್ಲ ಕಳೆದುಕೊಂಡೆವು” ಎಂದು ಬೇಸರಪಟ್ಟರು. ಆಮೇಲೆ ಡಾಕ್ಟರ ಕಡೆ ತಿರುಗಿದರು. “ನಿಮ್ಮ ಹೆಸರಿಗೇನು ಅರ್ಥ?”

ಡಾಕ್ಟರು ಫಾರ್ಮನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದರು, “ನಿಮ್ಮದೇ ಅರ್ಥ. ಚಮ್ಮಾರ.”

ಬರ್ನಾರ್ಡ್ ಕುರ್ಚಿಯಿಂದ ಎದ್ದು ಅವರ ಕೈ ಹಿಡಿದು ಕುಲುಕಿದರು. “ಕಸಿನ್!” ಅಷ್ಟಕ್ಕೇ ಬಿಡಲಿಲ್ಲ. ಯಾರು ಹೊಲಿಯುತ್ತಿದ್ದರು? ಯಾವ ತೊಗಲು? ಡಾಕ್ಟರಿಗೂ ಮಾತು ಬಂತು. ಅಪ್ಪ ಬಸ್‌ಸ್ಟ್ಯಾಂಡ್ ಮುಂದೆ ಕೂತು ಹೊಲಿಯುತ್ತಿದ್ದರು, ಶಾಲೆ ಬಿಟ್ಟ ಮೇಲೆ ತಾನು ದಾರಕ್ಕೆ ಮೇಣ ಉಜ್ಜಿ ಕೊಡುತ್ತಿದ್ದೆ ಎಂದರು. ಬರ್ನಾರ್ಡ್ ತಮ್ಮ ಒಂದು ಶೂ ಬಿಚ್ಚಿ ಟೇಬಲ್ ಮೇಲೆ ಇಟ್ಟರು (ಹೌದು, ಊಟದ ಟೇಬಲ್). ಡಾಕ್ಟರು ಅದನ್ನು ತಿರುಗಿಸಿ, ಹಿಮ್ಮಡಿ ಒತ್ತಿ ನೋಡಿ, “ಇದು ಹೊಲಿಗೆಯಲ್ಲ, ಗೋಂದು. ಈ ಚಳಿಗಾಲ ತಡೆಯುವುದಿಲ್ಲ” ಎಂದು ತೀರ್ಪು ಕೊಟ್ಟರು. ಆರು ವರ್ಷದಲ್ಲಿ ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಬರ್ನಾರ್ಡ್ ಹೋದ ಮೇಲೆ ನಾನು ಉಪದೇಶ ಶುರು ಮಾಡಿದೆ. “ನೋಡಿದ್ರಾ ಡಾಕ್ಟ್ರೇ? ಅವ್ರು ಎಷ್ಟು ಪ್ರೌಡ್ ಆಗಿ ಹೇಳ್ಕೋತಾರೆ! ನೀವ್ಯಾಕೆ ಚೇಂಜ್ ಮಾಡ್ಬೇಕು?”

“ಅವ್ರ ಹೆಸರು ಹಳೇದಾಗೇತ್ರಿ. ನಮ್ದು ಇನ್ನೂ ಹಳೇದಾಗಿಲ್ಲ.”

“ಈಗ ಯಾರು ಅದನ್ನೆಲ್ಲ ನೋಡ್ತಾರೆ?”

ಡಾಕ್ಟರು ಸ್ವಲ್ಪವೂ ದನಿ ಏರಿಸಲಿಲ್ಲ. “ನಮ್ಮ ತಮ್ಮಗ ಮೈಸೂರಿಗೆ ಟ್ರಾನ್ಸ್‌ಫರ್ ಆಗೇತಿ, ಮನಿ ಹುಡುಕಾಕತ್ತಾನ. ಅಲ್ಲಿ ನಿಮ್ಮ ಅತ್ತಿಯವ್ರ ಮ್ಯಾಲಿನ ಪೋರ್ಷನ್ ಖಾಲಿ ಐತಿ ಅಂದಿದ್ರಿ. ಸಮಗಾರ ಅಂದ್ರ ಕೊಡ್ತೀರೇನ್ರಿ?”

ಅತ್ತೆಯವರ ಮುಖ ಕಣ್ಣ ಮುಂದೆ ಬಂತು. ಅವರ ಮಡಿ ಬಂತು. ಮೇಲಿನ ಪೋರ್ಷನ್‌ಗೂ ಕೆಳಗೆ ಅವರಿಗೂ ಒಂದೇ ನೀರಿನ ತೊಟ್ಟಿ ಎನ್ನುವುದೂ ನೆನಪಾಯಿತು. ಆಮೇಲೆ “ಕೊಡ್ತೀವಿ, ಅದಕ್ಕೇನಂತೆ” ಎಂದೆ.

ಡಾಕ್ಟರು ತಲೆಯಾಡಿಸಿದರು. ಜೇಬಿನಿಂದ ಪೆನ್ನು ತೆಗೆದು, ಫಾರ್ಮಿನ ಖಾಲಿ ಜಾಗದಲ್ಲಿ ‘ಕುಮಾರ್’ ಎಂದು ತಾವೇ ಬರೆದುಕೊಂಡರು.

ನಾನು ಉತ್ತರ ಕೊಡಲು ತೆಗೆದುಕೊಂಡದ್ದು ನಾಲ್ಕೈದು ಸೆಕೆಂಡು. ನಿಮಗೆ ಎಷ್ಟು ಬೇಕಾಗುತ್ತಿತ್ತು?