ತಲೆಕಟ್ಟಿನ ಅ

ಕೆ.ಬಿ. ಬಡಾವಣೆಯ ಆ ಬೇಕರಿಯ ಮುಂದೆ ಹಾದುಹೋಗುವಾಗ ನನ್ನ ಕಾಲು ಈಗಲೂ ತಾನಾಗಿ ನಿಲ್ಲುತ್ತದೆ. ತುಪ್ಪ, ಏಲಕ್ಕಿ, ಅಂಚಿನಲ್ಲಿ ತುಸು ಸೀದ ಸಕ್ಕರೆ, ಆಗಷ್ಟೇ ಬೆಂದ ಬಿಸ್ಕತ್ತಿನ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಎಪ್ಪತ್ತು ದಾಟಿದ ಈ ಮುದುಕಿ ಏಳು ವರ್ಷದ ಹುಡುಗಿಯಾಗಿಬಿಡುತ್ತಾಳೆ. "ಏನ್ ಬೇಕ್ರಿ ಅಮ್ಮಾರ?" ಎಂದು ಅಂಗಡಿಯವನು ಕೇಳುತ್ತಾನೆ. "ಏನೂ ಬ್ಯಾಡಪ್ಪ" ಎಂದು ಮುಂದೆ ನಡೆಯುತ್ತೇನೆ. ನನಗೆ ಬೇಕಾದದ್ದು ಪಾಪ ಅವನ ಹತ್ತಿರ ಎಲ್ಲಿಂದ ಬರಬೇಕು?

ಇದು ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ನಮ್ಮ ಮನೆಯಲ್ಲಿ ಆಗ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಅವ್ವ, ನಾನು, ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ರುದ್ರ, ಇಷ್ಟೇ ಮಂದಿ. ಅವ್ವ ಹಿರಿಯೂರಿನ ಕಡೆಯ ಹಳ್ಳಿಯಿಂದ ಬಂದವಳು. ಎರಡನೇ ಕ್ಲಾಸಿಗೇ ಅವಳ ಶಾಲೆ ಬಿಡಿಸಿದ್ದರು. ಕಲಿತ ನಾಲ್ಕಕ್ಷರವನ್ನು ಅಡುಗೆಮನೆಯಲ್ಲೇ ನಮಗೆ ದಾಟಿಸಿಬಿಡಬೇಕೆಂಬ ಹಟ ಅವಳಿಗೆ. ಅಪ್ಪ ಹರಿಹರಕ್ಕೆ ಹೋದಾಗ ಚೀಲದಲ್ಲಿ ತಂದಿದ್ದ ಹೊಳೆಯ ಮರಳನ್ನು ದಪ್ಪ ತಳದ ಬೋಗುಣಿಗೆ ಸುರಿದು ಒಲೆಯ ಮೇಲಿಡುತ್ತಿದ್ದಳು. ಮರಳಿನ ಮೇಲೆ ತಟ್ಟೆ, ಮೇಲೊಂದು ಮುಚ್ಚಳ, ಮುಚ್ಚಳದ ತುಂಬ ಕೆಂಡ. ಅದೇ ಅವಳ ಭಟ್ಟಿ. ನಾವು ಹಿಟ್ಟನ್ನು ಬತ್ತಿಯ ಹಾಗೆ ಹೊಸೆದು, ಬಾಗಿಸಿ, ಅಕ್ಷರ ಮಾಡಬೇಕು. ಬೆಂದ ಮೇಲೆ ಆ ಅಕ್ಷರವನ್ನು ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ತಿನ್ನಲು ಸಿಗುತ್ತಿತ್ತು.

ಆದರೆ ಅವ್ವನ ನಾಲಿಗೆಗೆ 'ಹ' ಬರುತ್ತಿರಲಿಲ್ಲ. ಅವಳ ಸೀಮೆಯ ಮಾತೇ ಹಾಗೆ. ಹಾಲು ಆಲಾಗುತ್ತಿತ್ತು, ಹರಿಹರ ಅರಿಯರ, ಹಿರಿಯೂರು ಇರಿಯೂರು. "ಏಳು ಮಗಾ, ಏಳಿದ್ರೆ ಕೊಡ್ತೀನಿ" ಅಂದರೆ ರುದ್ರ ಪಟಕ್ಕನೆ ಎದ್ದು ನಿಲ್ಲುತ್ತಿದ್ದ. "ಎದ್ದು ನಿಲ್ಲಾದಲ್ಲ ಕಣೋ, ಬಾಯಾಗೆ ಏಳು!" ಎಂದು ಅವಳೂ ನಗುತ್ತಿದ್ದಳು. ಬಿಸ್ಕತ್ತು ಎಣಿಸುವಾಗ ಒಂಬತ್ತಾದ ಮೇಲೆ "ಅತ್ತು" ಬರುತ್ತಿತ್ತು. ರುದ್ರ ಕಣ್ಣುಜ್ಜಿಕೊಂಡು ಅಳುವ ನಾಟಕ ಆಡುತ್ತಿದ್ದ. ಹಕಾರ ಮಾಡಿದ ದಿನ ಅವಳು ಎರಡು ಬಿಸ್ಕತ್ತನ್ನು ಪಕ್ಕಪಕ್ಕ ಇಟ್ಟು, "ಇದು ಬರೀ ಅ, ಇದು ತಲೆಕಟ್ಟಿನ ಅ" ಎಂದು ಕಲಿಸಿದಳು. ನಮಗೇನು ಗೊತ್ತು? ಎರಡನ್ನೂ ಒಂದೇ ಥರ ಕೂಗಿ, ತಿಂದು, ಬಾಯಿ ಒರೆಸಿಕೊಂಡೆವು.

ಶಾಲೆಯಲ್ಲಿ ಟೀಚರು ಹಕ್ಕಿಯ ಚಿತ್ರ ತೋರಿಸಿ ಹೆಸರು ಬರೆಯಿರಿ ಅಂದರು. ನಾನು ಎಲ್ಲರಿಗಿಂತ ಮೊದಲು ಸ್ಲೇಟು ಎತ್ತಿ ಹಿಡಿದೆ. ಬರೆದದ್ದು 'ಅಕ್ಕಿ'. "ಹೌದೇನವ್ವ? ನಿಮ್ಮ ಮನ್ಯಾಗ ಅನ್ನಕ್ಕಿಟ್ಟಿದ್ದು ಹಾರಿ ಹೋಗ್ತೈತೇನು?" ಅಂದರು ಟೀಚರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಂಜೆಯ ಹೊತ್ತಿಗೆ ನನ್ನ ಹೆಸರೇ ಅಕ್ಕಿ ಆಗಿತ್ತು. ಮನೆಗೆ ಬಂದಾಗ ಅಜ್ಜಿ ಪಕ್ಕದ ಮನೆಯ ಹೆಂಗಸರ ಜೊತೆ ಕೂತಿದ್ದಳು, ಅವ್ವ ಹಿಟ್ಟು ನಾದುತ್ತಿದ್ದಳು. ಸ್ಲೇಟನ್ನು ನೆಲಕ್ಕೆ ಕುಕ್ಕಿ ಕೂಗಿದೆ: "ನಿನಗ ಹ ಅನ್ನಾಕ ಬರಲ್ಲ! ಇನ್ನ ಮ್ಯಾಲ ನಮಗೇನೂ ಕಲಿಸಬ್ಯಾಡ!" ಅಜ್ಜಿ "ಭಲೇ, ಮಗಳೇ ಮೇಷ್ಟ್ರಾದ್ಲು ನೋಡ್ರೇ" ಅಂದಳು, ಹೆಂಗಸರು ನಕ್ಕರು. ಅವ್ವನ ಮುಖ ಸಣ್ಣಗಾಯಿತು. "ಆಯ್ತು ಬಿಡು ಮಗಾ" ಅಂದಳು, ಅಷ್ಟೇ.

ಆಮೇಲೂ ಬಿಸ್ಕತ್ತು ಬೇಯುತ್ತಿತ್ತು, ಆದರೆ ಎಲ್ಲವೂ ದುಂಡಗೆ. "ಇದ್ಯಾವ ಅಕ್ಷರ ಅವ್ವ?" ಎಂದು ರುದ್ರ ಕೇಳಿದರೆ, "ಸೊನ್ನೆ ಕಣೋ, ತಿನ್ನು" ಅನ್ನುತ್ತಿದ್ದಳು. ಹಕಾರವಿರುವ ಮಾತುಗಳನ್ನೆಲ್ಲ ಸದ್ದಿಲ್ಲದೆ ಬಿಟ್ಟುಬಿಟ್ಟಳು. ಹಾಲು ಬೇಕಾದರೆ "ಆ ಚೊಂಬಿನಾಗಿರಾದು ಕೊಡು". ಹಿರಿಯೂರು ಬರೀ "ನಮ್ಮೂರು". ಎಣಿಸುವಾಗ ಒಂಬತ್ತಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಒಂದು ಮಧ್ಯಾಹ್ನ ಒಲೆ ಊದುತ್ತ ನಡುನಡುವೆ "ಹ... ಹ..." ಎಂದು ತನ್ನಷ್ಟಕ್ಕೇ ಅಭ್ಯಾಸ ಮಾಡುತ್ತಿದ್ದಳು. ನನ್ನನ್ನು ಕಂಡದ್ದೇ ಕೆಮ್ಮಿದ ಹಾಗೆ ಮಾಡಿದಳು. ಓಡಿಹೋಗಿ ತಬ್ಬಿಕೊಂಡು, ನಿನ್ನ ಮಾತು ನೀನಾಡು ಅವ್ವ, ನಂಗೇನೂ ಬ್ಯಾಸರಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಏಳು ವರ್ಷದವಳಿಗೂ ಅಷ್ಟು ಜಂಬ ಇರುತ್ತದೆಯೇ ಎಂದು ಕೇಳಬೇಡಿ, ಇತ್ತು.

ಆ ಮಳೆಗಾಲದಲ್ಲಿ ಅವ್ವನಿಗೆ ವಿಷಮಶೀತ ಜ್ವರ ಬಂತು. ಮೂರು ವಾರವಾದರೂ ಇಳಿಯಲಿಲ್ಲ. ಡಾಕ್ಟರು ಬಂದು ಹೋಗುತ್ತಿದ್ದರು. ನಮ್ಮನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಒಂದು ಸಂಜೆ ರುದ್ರ ಹಸಿವಿನಿಂದ ರಂಪ ಮಾಡುತ್ತಿದ್ದ. ಅದು ಕೇಳಿಸಿರಬೇಕು, ಅವ್ವ ಕೈಸನ್ನೆ ಮಾಡಿ ನನ್ನನ್ನು ಕರೆದಳು. ತುಟಿ ಒಡೆದು ಕಪ್ಪಾಗಿತ್ತು, ಉಸಿರಿಗೇ ಕಷ್ಟಪಡುತ್ತಿದ್ದಳು. ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ಅಂದಳು: "ತಮ್ಮಂಗೆ... ಹಾಲು ಕೊಡು ಮಗಾ." ಅಂದು ನನ್ನ ಮುಖ ನೋಡಿದಳು. "ಸರಿಯಾಯ್ತಾ?"

"ಹ್ಞೂಂ, ಈಗ ಸರಿ ಬಂತು ನೋಡು" ಅಂದೆ ನಾನು, ಥೇಟ್ ಟೀಚರ ಹಾಗೆ.

ಮರುದಿನ ಬೆಳಗಾಗುವಷ್ಟರಲ್ಲಿ ಅವ್ವ ಇರಲಿಲ್ಲ. ರುದ್ರನಿಗೆ ಅವಳ ದನಿಯೇ ನೆನಪಿಲ್ಲವಂತೆ. ನನಗೆ ನೆನಪಿದೆ, ಆದರೆ ಕಿವಿಯಲ್ಲಿ ಉಳಿದಿರುವುದು ಆ ಒಂದು ಮಾತೇ. ಅವಳ ಸೀಮೆಯದಲ್ಲದ, ನನಗಾಗಿ ಕಷ್ಟಪಟ್ಟು ಕಲಿತ ಮಾತು. ನೀನು ಆಲು ಅಂದಿದ್ದರೂ ನಾನು ಹಾಲೇ ತರುತ್ತಿದ್ದೆನಲ್ಲ, ಅವ್ವಾ.