ಹೊರಗೆ ಬಂದು ಹೇಳಿದ ಓಟು

ಜಂಗಮಕೋಟೆಯಿಂದ ಒಳಗೆ, ಹಿಪ್ಪುನೇರಳೆ ತೋಟಗಳ ನಡುವಿನ ಒಂದು ಸಣ್ಣ ಊರಿನಲ್ಲಿ ಬಯ್ಯಪ್ಪ ಎಂಬ ರೇಷ್ಮೆ ಬೆಳೆಗಾರನಿದ್ದಾನೆ. ವಯಸ್ಸು ಅರವತ್ತರ ಆಸುಪಾಸು. ಹೆಂಡತಿ ಮುನಿಲಕ್ಷ್ಮಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಆದರೂ ಅವನನ್ನು ಒಂಟಿ ಎಂದು ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಗೋಡೆಯಾಚೆಗೇ ಅಣ್ಣನ ಮನೆ ಇತ್ತು. ಅಣ್ಣ ಹೋದ ಮೇಲೂ ಅತ್ತಿಗೆ ಚಿಕ್ಕವೆಂಕಟಮ್ಮ ಎರಡು ಹೊತ್ತೂ ಇವನಿಗೆ ಮುದ್ದೆ ಬಡಿಸುತ್ತಿದ್ದಳು. ಅಣ್ಣನ ಮಗ ಮೋಹನ್‌ಬಾಬುವಿಗೆ ಚಿಕ್ಕಪ್ಪನಿಲ್ಲದೆ ಯಾವ ಕೆಲಸವೂ ಸಾಗುತ್ತಿರಲಿಲ್ಲ. ಇಂಥವನನ್ನು ಒಂಟಿ ಮಾಡಿದ್ದು ಒಂದೇ ಒಂದು ಓಟು. ಅದೂ ಅವನು ಹಾಕದ ಓಟು.

ಹಿಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ಮೋಹನ್‌ಬಾಬು ನಿಂತಿದ್ದ. ಎದುರಿಗೆ ನಿಂತವನು ಉದಯಕುಮಾರ್ ಎಂಬ ಗೊಬ್ಬರದಂಗಡಿಯವನು. ಮತದಾನದ ಹಿಂದಿನ ದಿನ ಸೊಪ್ಪು ಕೊಯ್ಯುವಾಗ ಬಯ್ಯಪ್ಪನ ಪಾದಕ್ಕೆ ಕುಡುಗೋಲು ತಗುಲಿ ಬಟ್ಟೆ ಸುತ್ತಿಕೊಂಡಿದ್ದ. ಬೆಳಿಗ್ಗೆ ಮೋಹನ್‌ಬಾಬುವಿನ ಆಟೊ ಬರುತ್ತದೆಂದು ಜಗುಲಿಯ ಮೇಲೆ ಕಾದ. ಆಟೊ ಊರ ಮುದುಕಿಯರನ್ನೆಲ್ಲ ಸಾಗಿಸುವುದರಲ್ಲಿ ಇವನನ್ನು ಮರೆತಿತ್ತು. ಆ ದಾರಿಯಲ್ಲಿ ಬಂದ ಉದಯಕುಮಾರ್ ಬೈಕು ನಿಲ್ಲಿಸಿ, ಕುಂಟಬೇಡ ಕೂತ್ಕೋ ಎಂದ. ಬಯ್ಯಪ್ಪ ಕೂತ. ಕೂತು ಹೋಗಿ, ಅಣ್ಣನ ಮಗನ ಗುರುತಿಗೇ ಮುದ್ರೆ ಒತ್ತಿ ಬಂದ.

ಮೋಹನ್‌ಬಾಬು ಒಂದು ಓಟಿನಲ್ಲಿ ಸೋತ.

ನೂರು ಓಟಿನಲ್ಲಿ ಸೋತಿದ್ದರೆ ಊರನ್ನೆಲ್ಲ ಬೈದು ಸುಮ್ಮನಾಗಬಹುದಿತ್ತು. ಒಂದೇ ಓಟು ಎಂದಾಗ ಅದಕ್ಕೊಂದು ಮುಖ ಬೇಕಾಗುತ್ತದೆ. ಆ ಕಡೆಯ ಊರುಗಳಲ್ಲಿ ಓಟಿನ ದಿನ ಯಾರ ಗಾಡಿ ಹತ್ತಿದೆಯೋ ಅವರ ಓಟು ನೀನು. ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅದು ಹಾಗೇ. ಅರ್ಧ ಊರು ಬಯ್ಯಪ್ಪನನ್ನು ಆ ಬೈಕಿನ ಮೇಲೆ ಕಂಡಿತ್ತು. ಸಂಜೆಯೊಳಗೆ ತೀರ್ಮಾನವಾಗಿ ಹೋಯಿತು.

ಅವನ ಮುಖಕ್ಕೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ನಿಜ ಹೇಳುತ್ತಿದ್ದ. ಕೇಳದೇ ಇರುವವರಿಗೆ ಉತ್ತರ ಕೊಡುವುದು ಹೇಗೆ? ಮುದ್ದೆ ಬರುವುದು ನಿಂತಿತು. ಡೇರಿಗೆ ಹಾಲು ಹಾಕಲು ಹೋದರೆ ಅಲ್ಲಿದ್ದವರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಮಳೆಯ ವಿಷಯ ತೆಗೆಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಮುಯ್ಯಾಳು ಬರುವುದು ನಿಂತಿತು. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಒಂದು ಮನೆಯವರ ಕೈ ಸಾಲುವುದಿಲ್ಲ. ಒಂದೊಂದೇ ಹುಳು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ಅವು ಇದ್ದಲ್ಲೇ ನೂಲು ಬಿಟ್ಟು ಬೆಳೆ ಹಾಳಾಗುತ್ತದೆ. ಅದಕ್ಕೇ ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎಂಬ ಲೆಕ್ಕದಲ್ಲಿ ಊರು ನಡೆಯುತ್ತದೆ. ಬಯ್ಯಪ್ಪನ ಹುಳುಮನೆಗೆ ಯಾರೂ ಬರಲಿಲ್ಲ, ಅವನನ್ನು ಯಾರೂ ಕರೆಯಲಿಲ್ಲ. ತನ್ನೆರಡು ಕೈಗೆ ಆಗುವಷ್ಟೇ, ಮೊದಲಿನ ಅರ್ಧಕ್ಕೂ ಕಡಿಮೆ ಹುಳು ಸಾಕತೊಡಗಿದ. ಸೊಪ್ಪು ಕತ್ತರಿಸುವ ಹುಳುಗಳ ಸರಸರ ಸದ್ದು ಬಿಟ್ಟರೆ ಅವನ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಕೆಲವು ಸಲ ಅವನು ಹುಳುಗಳಿಗೇ ಹೇಳುತ್ತಿದ್ದ, ನಾನು ಮೋಹನನಿಗೇ ಹಾಕಿದ್ದು ಕಣ್ರಪ್ಪ ಎಂದು.

ಹೀಗೆ ಮೂರು ವರ್ಷ ಕಳೆದು ಲೋಕಸಭೆ ಚುನಾವಣೆ ಬಂತು.

ಆ ದಿನ ಊರ ಶಾಲೆಯಲ್ಲಿ ಮತಗಟ್ಟೆ. ಶಾಲೆಯಿಂದ ದೂರ, ಮತಗಟ್ಟೆಯ ಹದ್ದಿಗೆಂದು ಎಳೆದ ಗೆರೆಯ ಆಚೆಗೆ, ಹೊಂಗೆಮರದ ಕೆಳಗೆ ಒಬ್ಬ ಹುಡುಗಿ ನಿಂತಿದ್ದಳು. ಹೆಸರು ತನುಜ, ಚಿಂತಾಮಣಿಯವಳು, ಯಾವುದೋ ಸಮೀಕ್ಷೆ ಕಂಪನಿಗೆ ದಿನಗೂಲಿಯ ಮೇಲೆ ಬಂದವಳು. ಕೈಯಲ್ಲಿ ಟ್ಯಾಬು, ಪಕ್ಕದ ಸ್ಟೂಲಿನ ಮೇಲೆ ಬಾಯಿಗೆ ಸೀಳು ಮಾಡಿದ ರಟ್ಟಿನ ಡಬ್ಬಿ. ಓಟು ಹಾಕಿ ಹೊರಬಂದವರನ್ನು ಯಾರಿಗೆ ಹಾಕಿದಿರಿ ಎಂದು ಕೇಳುವುದು ಅವಳ ಕೆಲಸ. ಎಲ್ಲರನ್ನೂ ಅಲ್ಲ. ಎಣಿಸುತ್ತಾ ಹೋಗಿ ಹತ್ತನೆಯವರನ್ನು ಹಿಡಿದು ಕೇಳಬೇಕು, ಮತ್ತೆ ಎಣಿಸಬೇಕು. ಹೇಳಲು ತವಕಿಸುವವರನ್ನು ಕರೆಯುವಂತಿಲ್ಲ, ಮುಖ ಸಿಂಡರಿಸಿಕೊಂಡವರನ್ನು ಬಿಡುವಂತಿಲ್ಲ. ತಾನೇ ಆರಿಸಿಕೊಳ್ಳಲು ಹೊರಟರೆ ನಗುಮುಖದವರೇ ಸಿಗುತ್ತಾರೆ, ನಗುಮುಖದವರೆಲ್ಲ ಸೇರಿದರೆ ಊರಾಗುವುದಿಲ್ಲ ಎಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಯಾರಾದರೂ ಹೇಳಲಾರೆ ಎಂದರೆ ಹೇಳಲಿಲ್ಲ ಎಂದೇ ಗುರುತು ಹಾಕಿಕೊಳ್ಳಬೇಕೇ ಹೊರತು ಪಕ್ಕದವರನ್ನು ಕೇಳಿ ತುಂಬಿಸಬಾರದು.

ಇದನ್ನೆಲ್ಲ ಬಯ್ಯಪ್ಪ ಸಾಲಿನಲ್ಲಿ ನಿಲ್ಲುವ ಮುಂಚೆ ಅವಳನ್ನೇ ಕೇಳಿ ತಿಳಿದುಕೊಂಡ. ಮಾತಾಡಿಸುವವರು ಸಿಕ್ಕರೆ ಬಿಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ನನ್ನನ್ನೂ ಕೇಳಮ್ಮ ಎಂದೂ ಅಂದ. ನಿಮ್ಮ ಲೆಕ್ಕ ಬಂದ್ರೆ ಕೇಳ್ತೀನಿ ತಾತ ಎಂದಳು ಅವಳು.

ಒಳಗೆ ಹೋದವನು ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತ. ಅಪ್ಪನ ಕಾಲದಿಂದ ಅವರ ಮನೆಯದು ಒಂದೇ ಪಕ್ಷ. ಗುಂಡಿ ಹುಡುಕಬೇಕಾದ ಅಗತ್ಯವೇ ಇರಲಿಲ್ಲ, ಬೆರಳಿಗೇ ಗೊತ್ತಿತ್ತು. ಆದರೆ ಆ ಹೊತ್ತು ಅವನಿಗೆ ಅನ್ನಿಸಿತು: ಯಾವ ಮನೆ? ನನಗೆ ಮುದ್ದೆ ಹಾಕದ ಮನೆಯೇ? ಆ ಮನೆಯ ಪಕ್ಷದ ಅಭ್ಯರ್ಥಿ ಬೇಡ, ಎದುರಿನವನೂ ಅಷ್ಟಕ್ಕಷ್ಟೆ, ಮೂರನೆಯವನು ಒಮ್ಮೆ ಹಾಲಿನ ದರದ ಬಗ್ಗೆ ನೆಟ್ಟಗೆ ನಾಲ್ಕು ಮಾತಾಡಿದ್ದ. ಬಯ್ಯಪ್ಪ ಅವನ ಗುಂಡಿ ಒತ್ತಿದ. ಹುಟ್ಟಿದಾಗಿನಿಂದ ಯಾರ ಮನೆಯವನೂ ಅಲ್ಲದೆ ಹಾಕಿದ ಮೊದಲ ಓಟು ಅದು. ಹೊರಬರುವಾಗ ಮನಸ್ಸು ಹಗುರವಾಗಿತ್ತು, ಸ್ವಲ್ಪ ಭಯವೂ ಇತ್ತು.

ಹೊಂಗೆಮರದ ಹತ್ತಿರ ಬಂದಾಗ ತನುಜ ಕೈ ಎತ್ತಿದಳು. ಹತ್ತನೆಯವನು ಅವನೇ.

ಮರದ ಆಚೆ ಬದಿಯಲ್ಲಿ ಮೋಹನ್‌ಬಾಬು ತನ್ನ ಹುಡುಗರೊಂದಿಗೆ ಬೆಳಿಗ್ಗೆಯಿಂದಲೂ ಠಿಕಾಣಿ ಹೂಡಿದ್ದ. ಆ ಹುಡುಗಿ ಯಾರನ್ನು ಕೇಳಿದರೂ ಇವರ ಕಿವಿ ಅತ್ತಲೇ. ಅವಳು ಎರಡು ಸಲ ದೂರ ಹೋಗಿ ಎಂದಿದ್ದಳು, ರಸ್ತೆ ನಿಮ್ಮಪ್ಪಂದಲ್ಲ ಎಂಬ ಉತ್ತರ ಬಂದಿತ್ತು. ಈಗ ಚಿಕ್ಕಪ್ಪನ ಸರದಿ ಎಂದು ಗೊತ್ತಾದಾಗ ಅವರೆಲ್ಲರ ಮಾತು ನಿಂತಿತು. ಅತ್ತಿಗೆಯೂ ಓಟು ಹಾಕಿ ಬಂದವಳು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅಲ್ಲೇ ನಿಂತಳು.

ತನುಜ ಗುರುತುಗಳಿದ್ದ ಚೀಟಿ ಕೊಟ್ಟು, ಬಾಯಲ್ಲಿ ಹೇಳಬೇಡಿ, ಗೀಟು ಹಾಕಿ ಮಡಚಿ ಡಬ್ಬಿಗೆ ಹಾಕಿ, ನಾನೂ ನೋಡುವುದಿಲ್ಲ ಎಂದಳು.

ಬಯ್ಯಪ್ಪ ಚೀಟಿ ನೋಡಿದ. ಅದನ್ನು ಮಡಚಿ ಡಬ್ಬಿಗೆ ಹಾಕಿದರೆ ಆಯಿತು, ನಿಜ ಅಲ್ಲಿ ಭದ್ರವಾಗಿರುತ್ತದೆ. ಆದರೆ ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವರೆಲ್ಲ ಅವನು ಏನು ಹೇಳುತ್ತಾನೆಂದು ಕಾಯುತ್ತಿದ್ದರು. ಅಂಥ ಗಳಿಗೆಗೆ ಅವನು ಎಷ್ಟು ಹಾತೊರೆದಿದ್ದ ಎಂದರೆ, ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ತೆರೆದಿತ್ತು.

"ಚೀಟಿ ಗೀಟಿ ಬೇಡಮ್ಮ. ನಮ್ ಮನೆದು ಯಾವತ್ತಿಂದೂ ಒಂದೇ ಪಕ್ಷ. ಅದಕ್ಕೇ ಹಾಕಿದೀನಿ, ಬರ್ಕೋ," ಎಂದ, ಸಾಕಷ್ಟು ಗಟ್ಟಿಯಾಗಿ.

ತನುಜ ಟ್ಯಾಬಿನಲ್ಲಿ ಒತ್ತಿಕೊಂಡಳು. ಮೋಹನ್‌ಬಾಬು ಅವನ ಕಡೆ ನೋಡಿ, ಬಿಸಿಲಲ್ಲಿ ಯಾಕೆ ನಿಂತಿದೀಯ ಚಿಕ್ಕಪ್ಪ, ಬಾ ಮಜ್ಜಿಗೆ ಕುಡಿ ಎಂದ. ಅಷ್ಟೇ. ಬಯ್ಯಪ್ಪ ಹೋಗಿ ಲೋಟ ಕೈಗೆತ್ತಿಕೊಂಡ.

ಅವರೆಲ್ಲ ಊಟಕ್ಕೆ ಹೋದ ಮೇಲೆ ಅವನು ವಾಪಸು ಮರದ ಕೆಳಗೆ ಬಂದ. ತಾನು ಹೇಳಿದ್ದನ್ನು ಅಳಿಸಲು ಆಗುತ್ತದೆಯೇ ಎಂದು ಕೇಳಿದ. ಅವಳು ಅವನ ಮುಖ ನೋಡಿ ವಿಷಯ ಅರ್ಥ ಮಾಡಿಕೊಂಡಳು. ಅದು ಆಗಲೇ ಹೋಗಿಬಿಟ್ಟಿದೆ, ಚಿಂತೆ ಮಾಡಬೇಡಿ, ಸಾವಿರಾರು ಜನರ ಉತ್ತರದಲ್ಲಿ ಒಬ್ಬರದು ಹೆಚ್ಚುಕಡಿಮೆ ಆದರೆ ಏನೂ ಆಗುವುದಿಲ್ಲ, ಕೆಲವರು ಆ ಕಡೆಗೆ ಸುಳ್ಳು ಹೇಳುತ್ತಾರೆ, ಕೆಲವರು ಈ ಕಡೆಗೆ, ಸರಿಹೋಗುತ್ತದೆ ಎಂದಳು.

"ಎಲ್ಲಾರೂ ಒಂದೇ ಕಡೀಕೆ ಹೇಳಿದ್ರೆ?" ಎಂದ ಬಯ್ಯಪ್ಪ.

"ನಮ್ಗೂ ಅದೇ ಭಯ ತಾತ. ಅದಕ್ಕೇ ಚೀಟಿ ಕೊಟ್ಟಿದ್ದು. ನೀವೇ ಬೇಡ ಅಂದ್ರಿ," ಎಂದಳು ತನುಜ. ಮತ್ತೆ ಯಾರೋ ಹೊರಬಂದರು, ಅವಳು ಎಣಿಸಲು ತಿರುಗಿದಳು.

ಮರುದಿನ ಡೇರಿಯಲ್ಲಿ ಅವನು ಹೋದಾಗ ಮಾತು ನಿಲ್ಲಲಿಲ್ಲ. ನಾಲ್ಕು ದಿನಕ್ಕೆ ಗೋಡೆಯಾಚೆಯಿಂದ ಹುಳಿಯ ಬಟ್ಟಲು ಬಂತು. ಬಯ್ಯಪ್ಪ ಅದನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದು ಆಮೇಲೆ ತಿಂದ. ಧೈರ್ಯ ಮಾಡಿ ಮುಂದಿನ ಬೆಳೆಗೆ ಮೊದಲಿನಷ್ಟೇ ರೇಷ್ಮೆ ಮೊಟ್ಟೆ ತಂದ.

ದೇಶದಲ್ಲೆಲ್ಲ ಮತದಾನ ಮುಗಿದ ಸಂಜೆ ಟೀವಿಯಲ್ಲಿ ಸಮೀಕ್ಷೆಗಳು ಬಂದವು. ಅಷ್ಟು ದಿನ ಅದನ್ನು ಹೇಳುವಂತಿರಲಿಲ್ಲವಂತೆ, ಆ ಹೊತ್ತಿಗೆ ಒಮ್ಮೆಲೇ ಕಟ್ಟೆ ಒಡೆಯಿತು. ಮೋಹನ್‌ಬಾಬುವಿನ ಮನೆಯಲ್ಲಿ ಜನ ತುಂಬಿದ್ದರು, ಬಯ್ಯಪ್ಪನಿಗೂ ಕುರ್ಚಿ ಹಾಕಿದ್ದರು. ಪರದೆಯ ಮೇಲೆ ಅವರ ಪಕ್ಷಕ್ಕೆ ದೊಡ್ಡ ದೊಡ್ಡ ಅಂಕಿ. ಎಲ್ಲರೂ ಶಿಳ್ಳೆ ಹಾಕಿದರು. ಆ ಅಂಕಿಯಲ್ಲಿ ಎಲ್ಲೋ ಒಂದು ಚೂರು ತಾನು ಹೇಳಿದ್ದು ಎಂದು ಬಯ್ಯಪ್ಪನಿಗೆ ಗೊತ್ತಿತ್ತು. ಕುರ್ಚಿ ಹಿತವಾಗಿರಲಿಲ್ಲ.

ಎಣಿಕೆಯ ದಿನ ಆ ಅಂಕಿಗಳು ಹಲವು ಕಡೆ ನೆಲಕಚ್ಚಿದವು. ಟೀವಿಯ ಪಂಡಿತರು ಮತದಾರರು ಮನಸ್ಸು ಬಿಚ್ಚಲಿಲ್ಲ ಎಂದು ಮತದಾರರ ಮೇಲೇ ಹಾಕಿದರು. ಮತಗಟ್ಟೆವಾರು ಲೆಕ್ಕ ಕೈಗೆ ಬಂದಾಗ ಮೋಹನ್‌ಬಾಬು ಮಂಕಾದ. ಹೊಂಗೆಮರದ ಕೆಳಗೆ ಅವನ ಕಿವಿಗೆ ಬಿದ್ದ ಉತ್ತರಗಳಿಗೂ ಊರ ಶಾಲೆಯ ಯಂತ್ರದಲ್ಲಿದ್ದ ಓಟುಗಳಿಗೂ ಅಜಗಜಾಂತರ. ಅಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ಬಹಳ ಜನ ಸುಳ್ಳು ಹೇಳಿದ್ದರು. ಯಾರು ಯಾರು ಎಂದು ಬಯ್ಯಪ್ಪನೂ ಡೇರಿಯಲ್ಲಿ ಒಂದೊಂದು ಮುಖ ನೋಡಿದ. ತನ್ನಂಥವರು ಅಲ್ಲೇ ಇದ್ದರು, ಹಾಲಿನ ಕ್ಯಾನು ಹಿಡಿದುಕೊಂಡು. ನೀನೂನಾ ಎಂದು ಕೇಳುವ ಹಾಗಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅಷ್ಟು ಜನರ ನಡುವೆ ಅವನಿಗೆ ತನ್ನ ಖಾಲಿ ಮನೆಯೇ ವಾಸಿ ಎನ್ನಿಸಿತು.

ಆ ವಾರವೇ ಅವನ ಹುಳು ಹಣ್ಣಾದವು. ಬೆಳಕು ಹರಿಯುವಾಗ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸುತ್ತಿದ್ದವು. ಅಷ್ಟನ್ನು ಒಬ್ಬನೇ ಆರಿಸುವುದು ಆಗದ ಮಾತು. ಕರೆಯಲು ಹೋಗಬೇಕೇ ಬೇಡವೇ ಎಂದು ಅವನು ಹೊಸ್ತಿಲಲ್ಲಿ ನಿಂತಿರುವಾಗಲೇ ಅತ್ತಿಗೆ ಬಂದಳು, ಹಿಂದೆ ಮೋಹನ್‌ಬಾಬು, ಅವನ ಹಿಂದೆ ಡೇರಿಯ ನಾಲ್ಕೈದು ಮಂದಿ. ಎಲ್ಲರೂ ಕೂತು ಕೈ ಹಾಕಿದರು. ಹುಳುಮನೆ ಮಾತಿನಿಂದ ತುಂಬಿತು. ಬಯ್ಯಪ್ಪನ ಕಣ್ಣು ಹನಿಗೂಡಿತು, ತಟ್ಟೆಗೆ ಉದುರಿಸಿದ ಸುಣ್ಣದ ಪುಡಿ ಬಿತ್ತು ಎಂದು ಒರೆಸಿಕೊಂಡ.

ಅರ್ಧ ತಟ್ಟೆಗಳು ಮುಗಿದ ಮೇಲೆ ಚಿಕ್ಕವೆಂಕಟಮ್ಮ ಕೈಕೆಲಸ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು:

"ಆ ಪಂಚಾಯ್ತೀಲಿ ನಿಂಗೇನೋ ಬುದ್ಧಿ ಕೆಟ್ಟಿತ್ತು, ಹಂಗ್ ಮಾಡ್ದೆ. ಪೋನೀ ಬಿಡಪ್ಪ. ಈ ಸಲ ಊರೆಲ್ಲ ಸುಳ್ಳು ಹೇಳ್ದಾಗ ನೀನೊಬ್ಬ ನಮ್ಮನೆ ಹೆಸರು ಹೇಳಿ ಎಲ್ಲಾರ ಎದುರಿಗೆ ನಿಜ ಹೇಳ್ದೆ. ನಮಗಷ್ಟು ಸಾಕು. ಹಳೇದು ನಾವು ಮನಸ್ಸಲ್ಲಿ ಇಟ್ಕೊಂಡಿಲ್ಲ."

ಮಾತುಗಳು ನಿಂತವು. ಎಲ್ಲರೂ ಹುಳು ಆರಿಸುತ್ತಲೇ ಇದ್ದರು, ಆದರೆ ಕಿವಿ ಇವನ ಕಡೆಗಿತ್ತು. ನಾನು ಅವತ್ತು ಮೋಹನನಿಗೇ ಹಾಕಿದ್ದು ಎಂಬ ಮಾತು ಮೂರು ವರ್ಷದಿಂದ ಅವನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಈಗ ಹೇಳಬಹುದಿತ್ತು. ಹೇಳಿದರೆ, ಕ್ಷಮಿಸಿದ್ದೇವೆ ಎಂದರೂ ಒಪ್ಪಿಕೊಳ್ಳದ ಮೊಂಡ ಎಂದು ಎದ್ದು ಹೋಗುತ್ತಿದ್ದರು. ಮುಂದೆ ಇನ್ನೂ ಅರ್ಧ ತಟ್ಟೆಗಳಿದ್ದವು. ಕೆಲವು ಹುಳುಗಳು ಆಗಲೇ ತಟ್ಟೆಯ ಅಂಚಿಗೆ ಬಂದು ನೂಲು ಬಿಡಲು ಶುರು ಮಾಡಿದ್ದವು.

"ತಪ್ಪಾಯ್ತು ಅತ್ತಿಗೆ," ಎಂದ ಬಯ್ಯಪ್ಪ.

ಆಕೆ ಹೂಂ ಎಂದು, ಮಧ್ಯಾಹ್ನಕ್ಕೆ ನಮ್ಮನೆಗೇ ಬಾ ಎಂದಳು. ಮತ್ತೆ ಎಲ್ಲರೂ ಮಾತು ಶುರು ಹಚ್ಚಿಕೊಂಡರು. ಬಯ್ಯಪ್ಪ ತಲೆ ತಗ್ಗಿಸಿ ಹುಳು ಆರಿಸಿದ. ಹುಳುಗಳ ಹತ್ತಿರವೂ ಇನ್ನು ಆ ಮಾತನ್ನು ಹೇಳಿಕೊಳ್ಳುವ ಹಾಗಿರಲಿಲ್ಲ.